ವೆರಿಕೋಸ್ ವೇನ್ಸ್ ಇದ್ದವರಿಗೆ ವ್ಯಾಯಾಮ: ಯಾವುದು ಸರಿ, ಎಷ್ಟು ಸಾಕು, ಎಲ್ಲಿ ನಿಲ್ಲಿಸಬೇಕು?

ಬೆಳಗಿನ_ನಡಿಗೆ

ಕಾಲಿನಲ್ಲಿ ನರ ಉಬ್ಬಿದೆ ಅಂತ ತೋರಿಸಲು ಹೋದವರಿಗೆ ಹೆಚ್ಚಾಗಿ ಸಿಗುವ ಸಲಹೆ ಒಂದೇ: "ವ್ಯಾಯಾಮ ಮಾಡಿ, ತುಂಬಾ ಹೊತ್ತು ನಿಲ್ಲಬೇಡಿ." ಯಾವ ವ್ಯಾಯಾಮ, ಎಷ್ಟು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಸ್ಕ್ವಾಟ್ ಮುಟ್ಟಲೇಬೇಡಿ ಅನ್ನುವವರಿದ್ದಾರೆ, ಸ್ಕ್ವಾಟ್ ಮಾಡಿದರೇ ಗುಣ ಅನ್ನುವವರೂ ಇದ್ದಾರೆ. ಓಟ, ಸೈಕಲ್, ಯೋಗ ಎಲ್ಲದರ ಬಗ್ಗೆಯೂ ಇದೇ ಗೊಂದಲ.

ಇಲ್ಲಿ ಇದೇ ಕೆಲಸದಲ್ಲಿರುವವರು ಇದ್ದೀರಿ. ಸ್ಕ್ಯಾನ್ ಆಗಿದೆ, ಆಳದ ನಾಳದಲ್ಲಿ ಹೆಪ್ಪು ಇಲ್ಲ, ಹುಣ್ಣು ಇಲ್ಲ, ಸಂಜೆಯಾದರೆ ಕಾಲು ಭಾರ, ಗಿಣ್ಣಿನ ಸುತ್ತ ಸ್ವಲ್ಪ ಬಾವು. ಈ ಸ್ಥಿತಿಯಲ್ಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಕಾರಣ ಸಮೇತ ಬಿಡಿಸಿ ಹೇಳಿ.

ಫಿಸಿಯೋ_ಮೀನಖಂಡ

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ರಕ್ತ ಕೆಳಕ್ಕೆ ಜಾರದಂತೆ ತಡೆಯುವ ನಾಳದೊಳಗಿನ ಕವಾಟ ಕೆಟ್ಟರೆ ಅದನ್ನು ಯಾವ ವ್ಯಾಯಾಮವೂ ರಿಪೇರಿ ಮಾಡುವುದಿಲ್ಲ, ಉಬ್ಬಿದ ನಾಳ ಚಪ್ಪಟೆಯಾಗಿ ಮಾಯವಾಗುವುದೂ ಇಲ್ಲ. ಕಡಿಮೆಯಾಗುವುದು ಭಾರ, ಬಾವು, ಸೆಳೆತ. ನಾಳವೇ ಮಾಯವಾಗುತ್ತದೆ ಅಂತ ಆಶ್ವಾಸನೆ ಕೊಟ್ಟು ಯಾರಾದರೂ ವ್ಯಾಯಾಮದ ಪ್ಯಾಕೇಜ್ ಮಾರುತ್ತಿದ್ದರೆ ದೂರವಿರಿ.

ಈಗ ಕಾರಣ. ಅಲುಗಾಡದೆ ನಿಂತಾಗ ಪಾದದ ಅಭಿಧಮನಿಯಲ್ಲಿ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ) ಒತ್ತಡ ಸುಮಾರು 80ರಿಂದ 100 ಮಿ.ಮೀ. ಪಾದರಸದಷ್ಟಿರುತ್ತದೆ. ಹೃದಯದಿಂದ ಪಾದದವರೆಗೆ ನಿಂತ ರಕ್ತದ ಕಂಬದ ತೂಕ ಅದು. ನಡೆಯಲು ಶುರುಮಾಡಿದರೆ ಆರೋಗ್ಯವಾದ ಕಾಲಿನಲ್ಲಿ ಕೆಲವೇ ಹೆಜ್ಜೆಗಳಲ್ಲಿ ಒತ್ತಡ 30ರ ಆಸುಪಾಸಿಗೆ, ಅದಕ್ಕೂ ಕೆಳಗೆ ಇಳಿಯುತ್ತದೆ. ಮೀನಖಂಡ ಬಿಗಿದಾಗ ಆಳದ ನಾಳಗಳು ಹಿಂಡಿ ರಕ್ತ ಮೇಲೇರುತ್ತದೆ. ಸಡಿಲಬಿಟ್ಟಾಗ ಚರ್ಮದಡಿಯ ನಾಳಗಳಿಂದ ರಕ್ತ ಒಳಕ್ಕೆ ಸರಿಯುತ್ತದೆ. ಕವಾಟ ಸೋತ ಕಾಲಿನಲ್ಲಿ ಒತ್ತಡ ಅಷ್ಟು ಇಳಿಯುವುದಿಲ್ಲ, ನಿಂತ 20 ಸೆಕೆಂಡಿನೊಳಗೇ ನಾಳಗಳು ಮತ್ತೆ ತುಂಬಿಕೊಳ್ಳುತ್ತವೆ.

ಇದರಿಂದ ತಿಳಿಯಬೇಕಾದದ್ದು: ಬಿಗಿಯುವುದು ಎಷ್ಟು ಮುಖ್ಯವೋ ಸಡಿಲಬಿಡುವುದೂ ಅಷ್ಟೇ ಮುಖ್ಯ. ಗೋಡೆಗೆ ಬೆನ್ನುಕೊಟ್ಟು ಎರಡು ನಿಮಿಷ ಕುರ್ಚಿಯಂತೆ ಕೂರುವ ಕಸರತ್ತಿನಲ್ಲಿ ತೊಡೆ ಉರಿಯುತ್ತದೆ, ಮೀನಖಂಡದ ಪಂಪ್ ಮಾತ್ರ ನಿಂತೇ ಇರುತ್ತದೆ.

ಹಿಮ್ಮಡಿ ಎತ್ತುವುದು ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು. ಗೋಡೆ ಅಥವಾ ಕುರ್ಚಿಯ ಬೆನ್ನು ಹಿಡಿದು, ಪಾದಗಳನ್ನು ಸೊಂಟದಷ್ಟು ಅಗಲಕ್ಕಿಟ್ಟು ನಿಲ್ಲಿ. 2 ಸೆಕೆಂಡಿನಲ್ಲಿ ಮೇಲೆ, ತುದಿಯಲ್ಲಿ 1 ಸೆಕೆಂಡ್, 3 ಸೆಕೆಂಡಿನಲ್ಲಿ ಕೆಳಗೆ. ಹಿಮ್ಮಡಿ ಪ್ರತಿ ಸಲವೂ ಪೂರ್ತಿ ನೆಲ ಮುಟ್ಟಿ ಮೀನಖಂಡ ಸಡಿಲವಾಗಬೇಕು. 10–12 ಸಲದ 2 ಸೆಟ್‌ನಿಂದ ಶುರುಮಾಡಿ, ದಿನ ಬಿಟ್ಟು ದಿನ. ನಡುವಿನ ಒಂದು ನಿಮಿಷದ ವಿರಾಮದಲ್ಲಿ ನಿಂತಿರಬೇಡಿ, ಅತ್ತಿಂದಿತ್ತ ನಡೆಯಿರಿ. 20 ಸಲದ 3 ಸೆಟ್ ಆರಾಮಾಗಿ ಆಗುತ್ತಿದೆ ಅನ್ನಿಸಿದ ಮೇಲೆ ಒಂದೇ ಕಾಲಿನಲ್ಲಿ ಮಾಡಿ.

ತಪ್ಪಾಗುವುದು ಮೂರು ಕಡೆ. ಅರ್ಧಕ್ಕೇ ಪುಟಿಯುತ್ತಾ ಮಾಡುವುದು, ತೂಕವೆಲ್ಲ ಕಿರುಬೆರಳಿನ ಕಡೆ ಹೋಗಿ ಗಿಣ್ಣು ಹೊರಕ್ಕೆ ವಾಲುವುದು (ಹೆಬ್ಬೆರಳಿನ ಬುಡದ ಮೇಲೆ ತೂಕವಿಡಿ), ಮತ್ತು ಮೊದಲ ದಿನವೇ ನೂರು ಹೊಡೆಯುವುದು. ಮೂರನೆಯದರಿಂದ ಎರಡು ದಿನ ಮೀನಖಂಡ ನೋವು ಬರುತ್ತದೆ, ಆಗ ಹೆಪ್ಪುಗಟ್ಟಿತೇನೋ ಎಂಬ ಭಯ ಬೇರೆ.

ಇನ್ನೊಂದು, ಹೆಚ್ಚಿನವರು ಗಮನಿಸದ ಸಂಗತಿ: ಪಾದದ ಕೀಲು ಬಿಗಿದುಕೊಂಡಿದ್ದರೆ ಎಷ್ಟು ನಡೆದರೂ ಪಂಪ್ ಅರ್ಧವೇ ಕೆಲಸ ಮಾಡುತ್ತದೆ. ಗೋಡೆಗೆ ಮುಖಮಾಡಿ ಒಂದು ಪಾದ ಮುಂದಿಡಿ, ಹಿಮ್ಮಡಿ ಏಳದಂತೆ ಮಂಡಿಯನ್ನು ಗೋಡೆಗೆ ಮುಟ್ಟಿಸಿ. ಮುಟ್ಟಿದರೆ ಪಾದವನ್ನು ಒಂದೊಂದು ಬೆರಳಷ್ಟು ಹಿಂದೆ ಸರಿಸುತ್ತಾ ಹೋಗಿ. ಎರಡು ಕಾಲಿನ ಮಧ್ಯೆ ವ್ಯತ್ಯಾಸ ಕಂಡರೆ ಬಿಗಿ ಇರುವ ಕಡೆ ಇದನ್ನೇ ದಿನಕ್ಕೆ 10–15 ಸಲ ನಿಧಾನವಾಗಿ ಮಾಡಿ. ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿ ನಡೆಯುವವರಿಗೂ ಇದೇ ತೊಂದರೆ. ಕೀಲು ಪೂರ್ತಿ ಆಡುವುದೇ ಇಲ್ಲ.

ಸಂಜೆ_ಸೈಕಲ್

ಸರ್, ವ್ಯಾಯಾಮ ಮುಗಿಸಿದ ಕೂಡಲೇ ನರಗಳು ಮೊದಲಿಗಿಂತ ದಪ್ಪಗೆ ಎದ್ದು ಕಾಣುತ್ತವಲ್ಲ, ಅದರಿಂದ ಹಾನಿ ಇಲ್ಲವೇ? ಮತ್ತೆ ಸೈಕಲ್‌ಗೆ ಸೀಟಿನ ಎತ್ತರ ಎಷ್ಟಿರಬೇಕು?

ಫಿಸಿಯೋ_ಮೀನಖಂಡ

ಆ ಹೊತ್ತಿನಲ್ಲಿ ಕಾಲಿಗೆ ರಕ್ತದ ಹರಿವು ಹೆಚ್ಚಿರುತ್ತದೆ, ಮೈ ಬಿಸಿಯಾಗಿ ಚರ್ಮದಡಿಯ ನಾಳಗಳು ಹಿಗ್ಗಿರುತ್ತವೆ. ಅದು ಹಾನಿಯ ಗುರುತಲ್ಲ. ಮಲಗಿ ಕಾಲನ್ನು ಎದೆಗಿಂತ ಎತ್ತರಕ್ಕಿಟ್ಟರೆ ಹತ್ತು ನಿಮಿಷದಲ್ಲಿ ಇಳಿಯಬೇಕು. ಇಳಿಯದೆ, ಮುಟ್ಟಿದರೆ ಗಟ್ಟಿ ಹುರಿಯಂತೆ ಸಿಕ್ಕಿ ನೋಯುತ್ತಿದ್ದರೆ ಅದು ಬೇರೆ ವಿಷಯ, ವೈದ್ಯರಿಗೆ ತೋರಿಸಿ.

ಸೈಕಲ್: ಪೆಡಲ್ ತೀರಾ ಕೆಳಗಿರುವಾಗ ಮಂಡಿ 25–35 ಡಿಗ್ರಿಯಷ್ಟು ಮಾತ್ರ ಬಾಗಿರಬೇಕು. ಸೀಟ್ ತಗ್ಗಿದ್ದರೆ ತೊಡೆಸಂದು ಪ್ರತಿ ಸುತ್ತಿಗೂ ಮಡಚಿಕೊಳ್ಳುತ್ತದೆ, ಮಂಡಿಗೂ ಕಷ್ಟ. ಪೆಡಲ್ ಮೇಲೆ ಇರಬೇಕಾದ್ದು ಪಾದದ ಮುಂಭಾಗ, ನಡುಪಾದ ಅಲ್ಲ. ಹಗುರ ಗೇರ್‌ನಲ್ಲಿ ನಿಮಿಷಕ್ಕೆ 70–90 ಸುತ್ತು. ಭಾರದ ಗೇರ್ ಹಾಕಿ ಹ್ಯಾಂಡಲ್ ಎಳೆದುಕೊಂಡು ಮುಕ್ಕುತ್ತಾ ತುಳಿಯುವುದು ಈ ಕಾಲಿಗೆ ಬೇಡ. ಕೊನೆಯ ಐದು ನಿಮಿಷ ಸುಮ್ಮನೆ ತಿರುಗಿಸಿ, ಗಕ್ಕನೆ ಇಳಿದು ನಿಲ್ಲಬೇಡಿ. ಹಿಗ್ಗಿದ ನಾಳಗಳಲ್ಲಿ ರಕ್ತ ಕೆಳಗೇ ಉಳಿದು ತಲೆಸುತ್ತು ಬರುವುದು ಆ ಕ್ಷಣದಲ್ಲೇ.

ಕಬ್ಬಿಣದ_ಕೋಚ್

ಸ್ಕ್ವಾಟ್ ವಿವಾದಕ್ಕೆ ಬರುತ್ತೇನೆ. ತೊಂದರೆ ಸ್ಕ್ವಾಟ್‌ನಲ್ಲಿಲ್ಲ, ಉಸಿರಿನಲ್ಲಿದೆ. ಉಸಿರು ಕಟ್ಟಿ ಮುಕ್ಕಿದಾಗ ಹೊಟ್ಟೆಯೊಳಗಿನ ಒತ್ತಡ ಏಕದಂ ಏರುತ್ತದೆ, ಕಾಲಿನಿಂದ ಮೇಲೇರಬೇಕಾದ ರಕ್ತ ತಡೆದು ನಿಲ್ಲುತ್ತದೆ. ತೊಡೆಸಂದಿನ ಕವಾಟ ಮೊದಲೇ ಸೋತಿದ್ದರೆ ಅದೇ ಒತ್ತಡ ಕೆಳಗಿನವರೆಗೂ ಹಾಯುತ್ತದೆ. ಮಲಬದ್ಧತೆಯಲ್ಲಿ ದಿನವೂ ಮುಕ್ಕುವುದು ಕೂಡ ಇದೇ ಕೆಲಸ ಮಾಡುತ್ತದೆ, ಅದನ್ನು ಯಾರೂ ವ್ಯಾಯಾಮದ ಲೆಕ್ಕದಲ್ಲಿ ಹಿಡಿಯುವುದಿಲ್ಲ.

ಆದ್ದರಿಂದ ನಿಯಮ ಸರಳ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ತೆಗೆದುಕೊಳ್ಳಿ. ಎಣಿಕೆಯನ್ನು ಬಾಯಿಬಿಟ್ಟು ಹೇಳಿ. ಎಣಿಸಲು ಆಗುತ್ತಿಲ್ಲ ಅಂದರೆ ಉಸಿರು ಕಟ್ಟಿದ್ದೀರಿ ಅಂತಲೇ ಅರ್ಥ, ತೂಕ ಇಳಿಸಿ. ಇನ್ನೂ ಮೂರು ಸಲ ಎತ್ತಬಲ್ಲೆ ಅನ್ನಿಸುವಾಗಲೇ ನಿಲ್ಲಿಸುವಂತೆ 12–15 ಸಲದ ತೂಕ ಆರಿಸಿಕೊಳ್ಳಿ. ಒಂದೇ ಸಲ ಎತ್ತಬಹುದಾದ ಗರಿಷ್ಠ ತೂಕದ ಪರೀಕ್ಷೆ ಬೇಡವೇ ಬೇಡ.

ಸ್ಕ್ವಾಟ್ ಆಳ: ತೊಡೆ ನೆಲಕ್ಕೆ ಸಮವಾಗುವವರೆಗೆ ಸಾಕು. ಪೂರ್ತಿ ಕುಕ್ಕರುಗಾಲಿನಲ್ಲಿ ಹಿಡಿದು ಕೂತರೆ ಮಂಡಿಯ ಹಿಂದೆ ನಾಳಗಳು ಮಡಚುತ್ತವೆ. ಇಳಿದು ಎದ್ದುಬಿಟ್ಟರೆ ತೊಂದರೆಯಿಲ್ಲ, ಅಲ್ಲೇ ಉಳಿಯಬಾರದು. ಲೆಗ್ ಪ್ರೆಸ್‌ನಲ್ಲಿ (ಕೂತು ಕಾಲಿನಿಂದ ತೂಕ ತಳ್ಳುವ ಯಂತ್ರ) ಜನ ತಮಗೆ ಗೊತ್ತಿಲ್ಲದೆಯೇ ಉಸಿರು ಕಟ್ಟುತ್ತಾರೆ, ಮಂಡಿಯನ್ನು ಎದೆಗೆ ಒತ್ತುವಷ್ಟು ತಗ್ಗಿಸುತ್ತಾರೆ. ತೂಕ ಅರ್ಧ ಮಾಡಿ, ಮಂಡಿ 90 ಡಿಗ್ರಿಯಲ್ಲೇ ನಿಲ್ಲಿಸಿ.

ಸೊಂಟಕ್ಕೆ ಬಿಗಿಯಾಗಿ ಕಟ್ಟುವ ಲಿಫ್ಟಿಂಗ್ ಬೆಲ್ಟ್ ಬಿಡಿ. ತೊಡೆಸಂದಿನಲ್ಲಿ ಗುರುತು ಮೂಡಿಸುವಂಥ ಬಿಗಿ ಶಾರ್ಟ್ಸ್ ಕೂಡ ಬೇಡ. ಎರಡು ಸೆಟ್‌ಗಳ ನಡುವೆ ಫೋನ್ ನೋಡುತ್ತಾ ನಿಲ್ಲುವ ಮೂರು ನಿಮಿಷವೇ ಈ ಕಾಲಿಗೆ ನಿಜವಾದ ಶತ್ರು. ಆ ಹೊತ್ತಿನಲ್ಲಿ ನಡೆಯಿರಿ, ಇಲ್ಲವೇ ಕೈ-ಭುಜದ ವ್ಯಾಯಾಮವನ್ನು ಕೂತು ಮುಗಿಸಿ.

ಸ್ಟಾಕಿಂಗ್_ನರ್ಸ್

ಕಂಪ್ರೆಶನ್ ಸ್ಟಾಕಿಂಗ್ಸ್ (ಕಾಲನ್ನು ಒತ್ತಿ ಹಿಡಿಯುವ ಬಿಗಿ ಕಾಲುಚೀಲ) ಹಾಕಿಕೊಂಡೇ ವ್ಯಾಯಾಮ ಮಾಡಿ ಅಂತ ಬಹಳ ಮಂದಿಗೆ ಹೇಳಿರುತ್ತಾರೆ. ಅಳತೆ ತಪ್ಪಿದರೆ ಪ್ರಯೋಜನಕ್ಕಿಂತ ತೊಂದರೆಯೇ ಜಾಸ್ತಿ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅಳತೆ ತೆಗೆಯಬೇಕಾದ್ದು ಬೆಳಿಗ್ಗೆ, ಬಾವು ಏರುವ ಮುಂಚೆ. ಗಿಣ್ಣಿನ ಮೂಳೆಯ ಸ್ವಲ್ಪ ಮೇಲೆ ಕಾಲು ಅತಿ ಸಣ್ಣಗಿರುವ ಜಾಗದ ಸುತ್ತಳತೆ, ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ, ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗಿನ ಎತ್ತರ. ಎರಡೂ ಕಾಲಿಗೆ ಬೇರೆ ಬೇರೆ. ಶೂ ಸೈಜ್ ನೋಡಿ ಕೊಡುವುದು ಅಳತೆಯಲ್ಲ. ಒತ್ತಡ 15–20, 20–30, 30–40 ಮಿ.ಮೀ. ಪಾದರಸ ಹೀಗೆ ಬರುತ್ತದೆ. ಭಾರ, ಬಾವು ಇರುವವರಿಗೆ ಸಾಮಾನ್ಯವಾಗಿ ಬರೆಯುವುದು 20–30. ಯಾವುದು ಅನ್ನುವುದನ್ನು ಕಾಲು ನೋಡಿದ ವೈದ್ಯರೇ ಹೇಳಲಿ. ಕಾಲಿಗೆ ರಕ್ತ ತರುವ ಅಪಧಮನಿಯಲ್ಲಿ ಹರಿವು ಕಡಿಮೆ ಇರುವವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾಗಿರುವವರು, ಹೃದಯ ದುರ್ಬಲವಾಗಿ ಕಾಲು ಬಾತಿರುವವರು ತಾವಾಗಿಯೇ ಕೊಂಡು ಹಾಕಬಾರದು.

ಹಾಕುವ ಕ್ರಮ: ಹಾಸಿಗೆಯಿಂದ ಇಳಿಯುವ ಮುಂಚೆ. ಒಳಗೆ ಕೈಹಾಕಿ ಹಿಮ್ಮಡಿಯ ಭಾಗ ಹಿಡಿದು ಅಲ್ಲಿಯವರೆಗೆ ಒಳ-ಹೊರ ತಿರುಗಿಸಿ. ಪಾದ ತೂರಿಸಿ, ಹಿಮ್ಮಡಿಯ ಗುರುತು ಸರಿಯಾಗಿ ಹಿಮ್ಮಡಿಗೇ ಕೂರಲಿ. ಉಳಿದ ಭಾಗವನ್ನು ಸ್ವಲ್ಪಸ್ವಲ್ಪವೇ ಮೇಲೆ ಬಿಡಿಸಿ. ಮೇಲಂಚು ಹಿಡಿದು ಜಗ್ಗಬೇಡಿ. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡು ಅಂಗೈಯಿಂದ ಸವರಿದರೆ ಸುಕ್ಕು ಸಲೀಸಾಗಿ ಹೋಗುತ್ತದೆ. ಚರ್ಮಕ್ಕೆ ಹಚ್ಚುವ ಕ್ರೀಮ್ ರಾತ್ರಿಗೆ ಇರಲಿ.

ಉದ್ದ ಜಾಸ್ತಿಯಾಯಿತು ಅಂತ ಮೇಲಿನ ಅಂಚನ್ನು ಮಡಚುವುದು ಅತಿ ಕೆಟ್ಟ ತಪ್ಪು. ಮಡಿಕೆಯಲ್ಲಿ ಒತ್ತಡ ಎರಡು ಪಟ್ಟಾಗಿ ಮಂಡಿಯ ಕೆಳಗೆ ಕಟ್ಟು ಬಿಗಿದಂತಾಗುತ್ತದೆ, ಪಾದ ಇನ್ನಷ್ಟು ಬಾಯುತ್ತದೆ. ಬೆರಳು ತಣ್ಣಗಾಗಿ ನೀಲಿಗಟ್ಟಿದರೆ, ಜುಮುಗುಟ್ಟಿದರೆ, ನೋವು ಬಂದರೆ ಕೂಡಲೇ ತೆಗೆಯಿರಿ. ದಿನಾ ಬಳಸುವ ಜೋಡಿಯ ಬಿಗಿತ ಸುಮಾರು ಆರು ತಿಂಗಳಲ್ಲಿ ಸಡಿಲುತ್ತದೆ. ಸುಲಭವಾಗಿ ಮೇಲೇರಲು ಶುರುವಾಯಿತು ಅಂದರೆ ಅದರ ಆಯಸ್ಸು ಮುಗಿದಿದೆ.

ಹತ್ತು_ಕಿಲೋಮೀಟರ್

ಮೇಡಂ, ಓಟಗಾರರು ಹಾಕುವ, ಗಿಣ್ಣಿನಲ್ಲೇ ಮುಗಿಯುವ ಮೀನಖಂಡದ ತೋಳುಚೀಲಗಳು (ಕಾಫ್ ಸ್ಲೀವ್) ನಡೆಯುತ್ತವೆಯೇ? ವ್ಯಾಯಾಮದ ಹೊತ್ತಿನಲ್ಲಿ ಪಂಪ್ ಹೇಗೂ ಓಡುತ್ತಿರುತ್ತದೆ, ಸ್ಟಾಕಿಂಗ್ಸ್ ಕಡ್ಡಾಯ ಅನ್ನುವುದು ಅತಿಯಾಯಿತು ಅನ್ನಿಸುತ್ತದೆ.

ಸ್ಟಾಕಿಂಗ್_ನರ್ಸ್

ಪಾದ ಬಾಯುವ ಅಭ್ಯಾಸ ಇರುವವರಿಗೆ ಅದು ಬೇಡ. ಒತ್ತಡ ಗಿಣ್ಣಿನಲ್ಲಿ ಅತಿ ಹೆಚ್ಚು, ಮೇಲೆ ಹೋದಂತೆ ಕಡಿಮೆ ಇರಬೇಕು. ತೋಳುಚೀಲದಲ್ಲಿ ಪಾದ ಹೊರಗೇ ಉಳಿಯುತ್ತದೆ, ನೀರೆಲ್ಲ ಅಲ್ಲಿ ಸೇರುತ್ತದೆ. ಕಡ್ಡಾಯ ಅನ್ನುವುದು ಅತಿಯಾಯಿತು ಎಂಬ ನಿಮ್ಮ ಮಾತಿಗೆ ನನ್ನ ಒಪ್ಪಿಗೆಯಿದೆ: ಬಾವು ಇಲ್ಲದವರು ಸ್ಟಾಕಿಂಗ್ಸ್ ಇಲ್ಲದೆಯೂ ಅರ್ಧ ಗಂಟೆ ನಡೆಯಬಹುದು. ಆದರೆ ವ್ಯಾಯಾಮ ಮುಗಿದ ಮೇಲಿನ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯಿರಿ. ಆಮೇಲೆ ನಿಂತು ಕೆಲಸ ಮಾಡುವವರಾದರೆ ಸ್ಟಾಕಿಂಗ್ಸ್ ಬೇಕಾಗುವುದು ಆಗಲೇ.

ಫಿಸಿಯೋ_ಮೀನಖಂಡ

ಓಟದ ಪ್ರಶ್ನೆಯೂ ಇಲ್ಲೇ ಮುಗಿಯಲಿ. ವೆರಿಕೋಸ್ ಇದ್ದ ಮಾತ್ರಕ್ಕೆ ಓಟ ನಿಷಿದ್ಧವಲ್ಲ. ಈಗಾಗಲೇ ಓಡುತ್ತಿರುವವರು ಮುಂದುವರಿಸಬಹುದು, ಮಣ್ಣಿನ ಹಾದಿ ಅಥವಾ ಟ್ರ್ಯಾಕ್ ಸಿಕ್ಕರೆ ಒಳ್ಳೆಯದು. ಹೊಸದಾಗಿ ಶುರುಮಾಡುವವರು ಮೊದಲು ವಾರಕ್ಕೆ ಐದು ದಿನ 30 ನಿಮಿಷ ಬಿರುಸಾಗಿ ನಡೆಯುವ ಹಂತ ತಲುಪಲಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಆಮೇಲೆ 1 ನಿಮಿಷ ಓಟ, 2 ನಿಮಿಷ ನಡಿಗೆ. ಓಡಿದ ಸಂಜೆ ಕಾಲಿನ ಭಾರ ಮಾಮೂಲಿಗಿಂತ ಹೆಚ್ಚಾಗಿ ಮರುದಿನ ಬೆಳಿಗ್ಗೆಯೂ ಉಳಿದರೆ ಪ್ರಮಾಣ ಜಾಸ್ತಿಯಾಗಿದೆ. ಬಿಸಿಲಿನ ಹೊತ್ತು ಬೇಡ, ಶಾಖಕ್ಕೆ ನಾಳ ಹಿಗ್ಗುತ್ತದೆ. ಕಾಲು ನೋವೆಂದು ಬಿಸಿನೀರಿನಲ್ಲಿ ಮುಳುಗಿಸಿ ಕೂರುವುದೂ ಅದೇ ಕಾರಣಕ್ಕೆ ಸಲ್ಲದು.

ಆಸನ_ಅಭ್ಯಾಸ

ಯೋಗ ಕಲಿಸುವವರ ಕಡೆಯಿಂದ ಸ್ವಲ್ಪ. ವಿಪರೀತಕರಣಿಯ ಸುಲಭ ರೂಪ, ಅಂದರೆ ಗೋಡೆಗೆ ಕಾಲು ಚಾಚಿ ಮಲಗುವುದು, ನಿಜಕ್ಕೂ ಉಪಯುಕ್ತ. ಆದರೆ ಪೃಷ್ಠವನ್ನು ಗೋಡೆಗೆ ಒತ್ತಿ ಕಾಲನ್ನು ಸೆಟೆದು ನಿಲ್ಲಿಸಬೇಡಿ. ಗೋಡೆಯಿಂದ ಒಂದು ಗೇಣು ದೂರ ಸರಿದು ಮಂಡಿಯನ್ನು ಸ್ವಲ್ಪ ಮಡಚಿ. 5–10 ನಿಮಿಷ, ಆ ಹೊತ್ತಿನಲ್ಲೇ ಪಾದವನ್ನು ಮೇಲೆ ಕೆಳಗೆ 20–30 ಸಲ ಆಡಿಸಿ. ಇಳಿಸುವಾಗ ಮಗ್ಗುಲಿಗೆ ಹೊರಳಿ ಅರ್ಧ ನಿಮಿಷ ಇದ್ದು ಏಳಿ. ಕಾಲು ಮೇಲಿದ್ದಾಗ ಪಾದ ಬಿಳಿಚಿಕೊಂಡು ನೋಯುತ್ತಿದ್ದರೆ ಅಪಧಮನಿಯ ತೊಂದರೆ ಇರಬಹುದು, ಪರೀಕ್ಷೆಯಾಗುವವರೆಗೆ ನಿಲ್ಲಿಸಿ.

ವಜ್ರಾಸನ, ಪದ್ಮಾಸನದಲ್ಲಿ ಅರ್ಧ ಗಂಟೆ ಕೂತು ಧ್ಯಾನ ಮಾಡುವವರು ಕುರ್ಚಿಗೆ ಬದಲಾಗಿ. ಕಪಾಲಭಾತಿ, ಉಸಿರು ಬಿಗಿಹಿಡಿಯುವ ಕುಂಭಕಗಳಲ್ಲಿ ಹೊಟ್ಟೆಯ ಒತ್ತಡದ್ದೇ ಪ್ರಶ್ನೆ, ಕೋಚ್ ಹೇಳಿದ ಕಾರಣ ಇಲ್ಲಿಗೂ ಅನ್ವಯ. ಶೀರ್ಷಾಸನವನ್ನು ಕಾಲಿನ ನರಕ್ಕಾಗಿ ಕಲಿಯಬೇಕಾದ ಅಗತ್ಯವೇ ಇಲ್ಲ. ರಕ್ತದೊತ್ತಡ, ಗ್ಲಾಕೋಮಾ, ಕತ್ತಿನ ತೊಂದರೆ ಇದ್ದವರಿಗೆ ಅಪಾಯ, ಮಲಗಿ ಕಾಲೆತ್ತಿದರೂ ಬಾವು ಇಳಿಯುತ್ತದೆ.

ರಕ್ತನಾಳ_ವಿಭಾಗ

ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ವ್ಯಾಯಾಮ ನಿಲ್ಲಿಸಿ ಓಡಬೇಕಾದ ಸಂದರ್ಭಗಳನ್ನು ಸೇರಿಸುತ್ತೇನೆ, ದಯವಿಟ್ಟು ಇದನ್ನು ದಾಟಿಸಿ ಓದಬೇಡಿ.

ಒಂದೇ ಕಾಲು ಒಂದೆರಡು ದಿನದಲ್ಲಿ ಹಠಾತ್ತನೆ ಬಾತು, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಆಳದ ನಾಳದ ಹೆಪ್ಪು ಇರಬಹುದು. ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲಿನ ಸುತ್ತಳತೆ ನೋಡಿ. 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವನ್ನು ವೈದ್ಯರು ಗಂಭೀರವಾಗಿ ಪರಿಗಣಿಸುತ್ತಾರೆ. ಅಷ್ಟಿಲ್ಲ ಅಂದ ಮಾತ್ರಕ್ಕೆ ಹೆಪ್ಪು ಇಲ್ಲ ಅಂತ ಅಲ್ಲ. ಪಾದವನ್ನು ಮೇಲಕ್ಕೆ ಬಗ್ಗಿಸಿ ನೋವು ಬಂತೇ ಎಂದು ನೋಡುವ ಹಳೆಯ ಪರೀಕ್ಷೆಯನ್ನಂತೂ ನಂಬಬೇಡಿ. ಅದೇ ದಿನ ಡಾಪ್ಲರ್ ಸ್ಕ್ಯಾನ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಆಗಬೇಕು. ಆ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಜೊತೆಗೆ ಏದುಸಿರು, ಎದೆನೋವು, ಕೆಮ್ಮಿನಲ್ಲಿ ರಕ್ತ, ತಲೆತಿರುಗಿ ಬೀಳುವುದು ಇದ್ದರೆ ತುರ್ತು ಚಿಕಿತ್ಸೆಗೆ ಹೋಗಿ. ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು.

ಚರ್ಮದಡಿಯ ಉಬ್ಬಿದ ನಾಳವೇ ಕೆಂಪಾಗಿ, ಗಟ್ಟಿ ದಾರದಂತಾಗಿ ನೋಯುವುದು ಮೇಲ್ಪದರದ ಹೆಪ್ಪು. ಅದು ಅಷ್ಟು ಅಪಾಯವಲ್ಲ ಎಂದು ಮನೆಯಲ್ಲೇ ಕೂರುವವರಿದ್ದಾರೆ. 5 ಸೆಂ.ಮೀ. ಅಥವಾ ಅದಕ್ಕಿಂತ ಉದ್ದವಿದ್ದರೆ, ಇಲ್ಲವೇ ತೊಡೆಸಂದಿನ ಹತ್ತಿರಕ್ಕೆ ಏರುತ್ತಿದ್ದರೆ ರಕ್ತ ತೆಳುವಾಗಿಸುವ ಔಷಧಿ ಬೇಕಾಗುತ್ತದೆ, ಸ್ಕ್ಯಾನ್ ಮಾಡಿಸಲೇಬೇಕು.

ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ: ನೆಲದ ಮೇಲೆ ಮಲಗಿ, ಕಾಲನ್ನು ಎದೆಗಿಂತ ಎತ್ತರಕ್ಕೆ ಎತ್ತಿ, ಶುಭ್ರ ಬಟ್ಟೆಯಿಂದ ಆ ಚುಕ್ಕಿಯ ಮೇಲೇ ಗಟ್ಟಿಯಾಗಿ 10–15 ನಿಮಿಷ ಒತ್ತಿ ಹಿಡಿಯಿರಿ. ನಡುವೆ ತೆಗೆದು ನೋಡಬೇಡಿ. ಗಾಯಕ್ಕಿಂತ ಮೇಲೆ ಕಾಲಿಗೆ ದಾರ, ಬೆಲ್ಟ್ ಬಿಗಿಯಬೇಡಿ, ಅಭಿಧಮನಿಯ ಸೋರಿಕೆ ಅದರಿಂದ ಹೆಚ್ಚುತ್ತದೆ. ನಿಂತುಕೊಂಡು ಬಾತ್‌ರೂಮಿನಲ್ಲಿ ಕಾಲು ತೊಳೆಯುತ್ತಾ ಇರುವವರಿಗೇ ಹೆಚ್ಚು ರಕ್ತ ಹೋಗುವುದು. ರಕ್ತ ನಿಂತ ಮೇಲೂ ಆಸ್ಪತ್ರೆಗೆ ತೋರಿಸಿ, ಅದೇ ಜಾಗ ಮತ್ತೆ ಒಡೆಯಬಹುದು.

ಗಿಣ್ಣಿನ ಒಳಮಗ್ಗುಲಲ್ಲಿ ಚರ್ಮ ಕಂದುಗಟ್ಟಿದ್ದರೆ, ಗಡಸಾಗಿ ತುರಿಸುತ್ತಿದ್ದರೆ, ವ್ಯಾಯಾಮದ ಜೊತೆ ಚಿಕಿತ್ಸೆಯೂ ಬೇಕು. ಹುಣ್ಣಿಗೆ ಮುಂಚಿನ ಹಂತ ಅದು. ಆ ಜಾಗವನ್ನು ಕೆರೆಯಬೇಡಿ, ಉಬ್ಬಿದ ನಾಳಗಳ ಮೇಲೆ ಫೋಮ್ ರೋಲರ್ ಉರುಳಿಸಬೇಡಿ.

ಬೆಳಗಿನ_ನಡಿಗೆ

ಬಹಳ ಉಪಕಾರ. ಲೇಸರ್ ಅಥವಾ ಆರ್‌ಎಫ್ (ರೇಡಿಯೋ ತರಂಗದ ಶಾಖದಿಂದ ನಾಳ ಮುಚ್ಚುವ) ಚಿಕಿತ್ಸೆ ಆದವರು ಯಾವಾಗಿನಿಂದ ಶುರುಮಾಡಬಹುದು? ಈಜಿನ ಬಗ್ಗೆ ಯಾರೂ ಹೇಳಲಿಲ್ಲ.

ರಕ್ತನಾಳ_ವಿಭಾಗ

ನಡಿಗೆ ಅದೇ ದಿನ. ಕಾಲು ಚಾಚಿ ಮಲಗಿಯೇ ಇರುವುದು ಹೆಪ್ಪಿಗೆ ದಾರಿ. ದಿನಕ್ಕೆ ಹಲವು ಸಲ 10–20 ನಿಮಿಷ ನಡೆಯಿರಿ. ಭಾರ ಎತ್ತುವುದು, ಓಟ, ಜಿಗಿತ ಸಾಮಾನ್ಯವಾಗಿ ಒಂದೆರಡು ವಾರ ಬೇಡ. ಸ್ಟಾಕಿಂಗ್ಸ್ ಎಷ್ಟು ದಿನ ಎಂಬುದು ಚಿಕಿತ್ಸೆ ಕೊಟ್ಟವರ ಲೆಕ್ಕ. ಒಂದು ವಾರದ ಹೊತ್ತಿಗೆ ತೊಡೆಯ ಒಳಗೆ ತಂತಿ ಎಳೆದಂತೆ ಬಿಗಿದುಕೊಳ್ಳುವುದು ಸಾಮಾನ್ಯ, ಮುಚ್ಚಿದ ನಾಳ ಕುಗ್ಗುತ್ತಿರುತ್ತದೆ. ಅದಕ್ಕೆ ಹೆದರಿ ನಡಿಗೆ ಬಿಡಬೇಡಿ. ಮೀನಖಂಡ ಬಾತರೆ, ಇಲ್ಲವೇ ಮೇಲೆ ಹೇಳಿದ ಹೆಪ್ಪಿನ ಲಕ್ಷಣ ಕಂಡರೆ ತಪ್ಪದೆ ಬನ್ನಿ.

ಫಿಸಿಯೋ_ಮೀನಖಂಡ

ಈಜಿಗಿಂತಲೂ ಎದೆಮಟ್ಟದ ನೀರಿನಲ್ಲಿ ನಡೆಯುವುದನ್ನು ಮೊದಲು ಹೇಳುತ್ತೇನೆ. ಒಂದು ಮೀಟರ್ ಆಳದಲ್ಲಿ ನೀರು ಸುಮಾರು 73 ಮಿ.ಮೀ. ಪಾದರಸದಷ್ಟು ಒತ್ತುತ್ತದೆ, ಮೇಲೆ ಬಂದಂತೆ ಕಡಿಮೆಯಾಗುತ್ತದೆ. ಯಾವ ಸ್ಟಾಕಿಂಗ್ಸ್ ಕೂಡ ಇಷ್ಟು ಸಮನಾಗಿ ಒತ್ತಲಾರದು. 20–30 ನಿಮಿಷ, ಹಿಮ್ಮಡಿಯಿಂದ ಬೆರಳಿನವರೆಗೆ ಪಾದ ಉರುಳಿಸುತ್ತಾ ನಡೆಯಿರಿ, ನಡುವೆ ಹಿಮ್ಮಡಿ ಎತ್ತುವುದನ್ನೂ ಸೇರಿಸಿ. ಮಂಡಿ ನೋವಿರುವವರಿಗೂ, ತೂಕ ಹೆಚ್ಚಿರುವವರಿಗೂ ಇದಕ್ಕಿಂತ ಸುರಕ್ಷಿತವಾದದ್ದು ಸಿಗುವುದು ಕಷ್ಟ. ತೆರೆದ ಹುಣ್ಣು, ಆರದ ಸೂಜಿಗಾಯ ಇದ್ದರೆ ಕೊಳಕ್ಕೆ ಇಳಿಯಬಾರದು.

ನೀರಿನಿಂದ ಮೇಲೆ ಬಂದಾಗ ಆ ಒತ್ತಡ ಒಮ್ಮೆಲೇ ಹೋಗುತ್ತದೆ. ಮೆಟ್ಟಿಲಿನ ಕಂಬಿ ಹಿಡಿದು ನಿಧಾನವಾಗಿ ಹತ್ತಿ, ಒರೆಸಿಕೊಳ್ಳುವುದನ್ನು ಕೂತು ಮಾಡಿ, ಪಾದ ಆಡಿಸುತ್ತಿರಿ.